ಅದು 'ತಾಂತ್ರಿಕ ದೋಷ' ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಪತ್ರಿಕೆಯ ದಾವಣಗೆರೆ ಪುಟದ ಕೆಳಗಡೆ ಮೂರು ಸಾಲಿನ ಒಂದು ಸುದ್ದಿ ಬಂದಿತ್ತು. ನಗರದ ಕೆಲವು ಕಡೆ ಬೆಳಿಗ್ಗೆ 11ರಿಂದ ಸುಮಾರು ಎರಡು ಗಂಟೆ ಇಂಟರ್ನೆಟ್ ಇರಲಿಲ್ಲ, ತಾಂತ್ರಿಕ ದೋಷ ಕಾರಣ ಎಂದು ಅದರಲ್ಲಿತ್ತು. ನಿಮ್ಮ ವರದಿಗಾರರದ್ದು ತಪ್ಪಿಲ್ಲ. ಫೋನ್ ಮಾಡಿದಾಗ ನಮ್ಮ ಆಫೀಸಿನವರು ಹೇಳಿದ್ದೇ ಅಷ್ಟು. ಆದರೆ ಅವತ್ತು ಯಂತ್ರ ಕೆಟ್ಟಿರಲಿಲ್ಲ. ಫೈಬರ್ ಕಟ್ ಆಗಿರಲಿಲ್ಲ. ಕರೆಂಟೂ ಇತ್ತು. ಒಂದು ದಾಖಲೆ ಅಳಿಸಲು ಹೋಗಿ ನಾನು ಇಡೀ ಪಟ್ಟಿಯನ್ನೇ ಅಳಿಸಿದ್ದೆ.

ತಪ್ಪು ಒಪ್ಪಿಕೊಳ್ಳುವುದಕ್ಕೆ ಮಾತ್ರ ಈ ಪತ್ರ ಬರೆಯುತ್ತಿಲ್ಲ. ಆಫೀಸಿನಲ್ಲಿ ಅದನ್ನು ಅವತ್ತೇ ಒಪ್ಪಿಕೊಂಡಿದ್ದೇನೆ. 'ತಾಂತ್ರಿಕ ದೋಷ' ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮುಂದಿನ ವರ್ಷ ನನ್ನ ಕುರ್ಚಿಯಲ್ಲಿ ಕೂರುವ ಹುಡುಗನೋ ಹುಡುಗಿಯೋ ಅದೇ ತಪ್ಪು ಮಾಡುತ್ತಾರೆ. ಅದು ಆಗಬಾರದು. ಹಾಗಾಗಿ ಏನಾಯಿತು ಎಂದು ಬಿಡಿಸಿ ಹೇಳುತ್ತೇನೆ.

ನಾನು ಇಲ್ಲಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ 9 ವರ್ಷದಿಂದ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಡಿಪ್ಲೊಮಾ. ಊರು ಆನಗೋಡು ಹೋಬಳಿಯ ಒಂದು ಹಳ್ಳಿ, ಈಗ ಇರುವುದು ನಿಟ್ಟುವಳ್ಳಿಯಲ್ಲಿ. ಅವತ್ತು ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯವರ ಹಳೇ ಕನೆಕ್ಷನ್ ತೆಗೆಯಬೇಕಿತ್ತು. ಅವರು ಅಂಗಡಿ ಬದಲಿಸಿದ್ದರು. ನಮ್ಮಲ್ಲಿ ಪ್ರತಿ ಅಂಗಡಿಗೂ ಆಫೀಸಿಗೂ ಒಂದು ವಿಲ್ಯಾನ್ ನಂಬರ್ ಇರುತ್ತದೆ. ಒಂದೇ ಫೈಬರಿನಲ್ಲಿ ಹತ್ತಾರು ಜನರ ಮಾಹಿತಿ ಹರಿಯುವಾಗ ಒಬ್ಬರದ್ದು ಇನ್ನೊಬ್ಬರದ್ದರ ಜೊತೆ ಕಲೆಯದಂತೆ ನೋಡಿಕೊಳ್ಳುವ ನಂಬರ್ ಅದು. ಈ ಅಂಗಡಿಯದ್ದು 1217. ಇವರೆಲ್ಲರ ಮಾಹಿತಿಯನ್ನು ಸರಿಯಾದ ದಾರಿಗೆ ಕಳಿಸುವ ಯಂತ್ರಕ್ಕೆ ನಾವು ಬಾಕ್ಸ್ ಎನ್ನುತ್ತೇವೆ. ಅದರೊಳಗೆ ಇಂಥ 312 ದಾಖಲೆಗಳಿದ್ದವು.

ಬಾಕ್ಸಿಗೆ ನಾವು ಮಾತು ಕಳಿಸುವುದು ನೆಟ್‌ಕಾನ್ಫ್ ಎಂಬ ಪದ್ಧತಿಯಲ್ಲಿ. ಆ ಮಾತು ಎಕ್ಸ್‌ಎಂಎಲ್ ಎಂಬ ಬರವಣಿಗೆಯ ರೂಪದಲ್ಲಿ ಇರುತ್ತದೆ. ಸ್ಟೀಲ್ ಡಬ್ಬದೊಳಗೆ ಸಣ್ಣ ಡಬ್ಬ, ಅದರೊಳಗೆ ಇನ್ನೂ ಸಣ್ಣದು ಇಟ್ಟ ಹಾಗೆ. ಹೊರಗಿನ ಡಬ್ಬದ ಮೇಲೆ 'ವಿಲ್ಯಾನ್‌ಗಳು' ಎಂದು ಬರೆದಿರುತ್ತದೆ. ಇಂಥ ಹೆಸರಿನ ಚೀಟಿಗೆ ಟ್ಯಾಗ್ ಎನ್ನುತ್ತಾರೆ. ಒಳಗೆ ಒಂದೊಂದು 'ವಿಲ್ಯಾನ್'. ಅದರೊಳಗೆ ನಂಬರ್, ಗಿರಾಕಿಯ ವಿವರ, ವೇಗ. ಇದರಲ್ಲಿ ನಂಬರ್‌ಗೆ ಮಾತ್ರ ವಿಶೇಷ ಸ್ಥಾನ. ಅದು ಆ ಪಟ್ಟಿಯ ಕೀ. ಒಂದು ನಂಬರಿನ ದಾಖಲೆ ಒಂದೇ ಇರಬೇಕು. ಬಾಕ್ಸ್ ಒಂದು ದಾಖಲೆಯನ್ನು ಗುರುತು ಹಿಡಿಯುವುದು ಆ ನಂಬರಿನಿಂದ, ಅದರೊಳಗಿನ ವಿವರದಿಂದ ಅಲ್ಲ.

ಅಳಿಸುವ ಮೊದಲು ನೋಡಿಕೊಂಡೆ. 1217 ಎಂದು ಫಿಲ್ಟರ್, ಅಂದರೆ ಯಾವುದು ಬೇಕು ಎಂದು ತಿಳಿಸುವ ಚೀಟಿ, ಬರೆದು ಕೇಳಿದೆ. ಬಾಕ್ಸ್ ಒಂದೇ ದಾಖಲೆ ಕೊಟ್ಟಿತು. ಅದೇ ಅಂಗಡಿ, ಅದೇ ವಿವರ. ಸರಿ ಎಂದುಕೊಂಡು ಅದನ್ನೇ ಕಾಪಿ ಮಾಡಿ 'ಡಿಲೀಟ್' ಎಂಬ ಗುರುತು ಸೇರಿಸಿದೆ. ಅದನ್ನು ಹಾಕಬೇಕಾಗಿದ್ದು ಒಳಗಿನ 'ವಿಲ್ಯಾನ್' ಮೇಲೆ. ನಾನು ಹಾಕಿದ್ದು ಒಂದು ಸಾಲು ಮೇಲೆ, 'ವಿಲ್ಯಾನ್‌ಗಳು' ಎಂಬ ಹೊರಗಿನ ಡಬ್ಬದ ಮೇಲೆ. ಒಳಗೆ 1217 ಎಂದು ಬರೆದೇ ಇತ್ತು. ಆದರೆ ಅದಕ್ಕೆ ಅರ್ಥವೇ ಉಳಿಯಲಿಲ್ಲ. ಯಾವ ಮನೆ ಎಂದು ಕಾಗದದಲ್ಲಿ ಸರಿಯಾಗಿ ಬರೆದು, 'ಇದನ್ನು ಕೆಡವಿ' ಎಂಬ ಚೀಟಿಯನ್ನು ಮಾತ್ರ ಬೀದಿಯ ಬೋರ್ಡಿಗೆ ಅಂಟಿಸಿದ ಹಾಗಾಯಿತು.

ಬಾಕ್ಸ್ 'ಓಕೆ' ಎಂದು ಉತ್ತರ ಕೊಟ್ಟಿತು. ಅದರ ಪ್ರಕಾರ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ವ್ಯಾಕರಣ ತಪ್ಪಿರಲಿಲ್ಲ, ಹೆಸರು ತಪ್ಪಿರಲಿಲ್ಲ. ಒಂದು ನಿಮಿಷದೊಳಗೆ ಮೊದಲ ಫೋನ್ ಬಂತು. ಆಮೇಲೆ ಫೋನ್ ನಿಲ್ಲಲೇ ಇಲ್ಲ.

ವಾಪಸ್ ಹಾಕುವುದಕ್ಕೆ ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಅದನ್ನು ತೆರೆದಾಗ ಕೈಕಾಲು ತಣ್ಣಗಾಯಿತು. 312 ನಂಬರೂ ಇದ್ದವು, ಗಿರಾಕಿಯ ವಿವರವೂ ಇತ್ತು. ವೇಗ ಇರಲಿಲ್ಲ. ಯಾವ ಪೋರ್ಟ್, ಅಂದರೆ ಬಾಕ್ಸಿನಲ್ಲಿ ವೈರು ಸೇರುವ ಜಾಗ ಯಾವುದು ಎಂಬುದೂ ಇರಲಿಲ್ಲ. ಯಾಕೆ ಎಂದರೆ ಆ ಬ್ಯಾಕಪ್ಪಿನ ಫಿಲ್ಟರ್ ಬರೆದವಳು ನಾನೇ. ಎರಡು ವರ್ಷದ ಹಿಂದೆ ಯಾರ್‍ಯಾರಿಗೆ ಯಾವ ನಂಬರ್ ಎಂಬ ಪಟ್ಟಿ ಬೇಕು ಎಂದು ಆಫೀಸಿನಲ್ಲಿ ಕೇಳಿದ್ದರು. ಅದಕ್ಕೆ ಬರೆದ ಫಿಲ್ಟರನ್ನೇ ಆಮೇಲೆ ಬ್ಯಾಕಪ್ಪಿಗೂ ಹಾಕಿಬಿಟ್ಟಿದ್ದೆವು. ಉಳಿದದ್ದನ್ನು ಬಿಲ್ಲಿನ ಪುಸ್ತಕ ನೋಡಿ ಮೂರು ಜನ ಕೂತು ಟೈಪ್ ಮಾಡಿದೆವು. ಎರಡು ಗಂಟೆ ಹೋಗಿದ್ದು ಅದಕ್ಕೇ.

ಹಾಗಾಗಿ ನನ್ನ ತಪ್ಪು ಒಂದಲ್ಲ, ಎರಡು. ಯಾವ ದಾಖಲೆ ಎಂದು ಗುರುತಿಸುವುದರಲ್ಲಿ ಒಂದು. ಆ ದಾಖಲೆಯಲ್ಲಿ ಎಷ್ಟು ಬೇಕು ಎಂದು ಆರಿಸುವುದರಲ್ಲಿ ಇನ್ನೊಂದು. ನೆಟ್‌ಕಾನ್ಫ್‌ನಲ್ಲಿ ಇವೆರಡೂ ಒಂದೇ ಥರ ಕಾಣುವ ಕಾಗದದ ಮೇಲೆ ನಡೆಯುತ್ತವೆ. ಅಪಾಯ ಇರುವುದೇ ಅಲ್ಲಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಪಹಣಿಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ನಮ್ಮ ಅಪ್ಪಾಜಿಗೆ ಎರಡು ಹೊಲ ಇವೆ. ಒಂದನ್ನು ಅವರು 'ಹುಣಸೆಮರದ ಹೊಲ' ಅಂತಾರೆ. ಮರ ಹೋಗಿ 20 ವರ್ಷ ಆಯಿತು, ಹೆಸರು ಮಾತ್ರ ಉಳಿದಿದೆ. ಮನೆಯಲ್ಲಿ ಆ ಹೆಸರು ಸಾಕು. 'ಹುಣಸೆಮರದ ಹೊಲಕ್ಕೆ ಬುತ್ತಿ ತಗೊಂಡು ಹೋಗು' ಎಂದರೆ ಯಾರೂ ದಾರಿ ತಪ್ಪುವುದಿಲ್ಲ. ಪಹಣಿ ಬೇಕಾದಾಗ ಅದು ನಡೆಯುವುದಿಲ್ಲ. ತಾಲ್ಲೂಕು ಯಾವುದು, ಹೋಬಳಿ ಯಾವುದು, ಗ್ರಾಮ ಯಾವುದು, ಸರ್ವೆ ನಂಬರ್ ಎಷ್ಟು, ಹಿಸ್ಸಾ ಎಷ್ಟು, ಎಲ್ಲ ಹೇಳಬೇಕು. ಬರೀ ಸರ್ವೆ ನಂಬರ್ ಹೇಳಿದರೆ ಪಕ್ಕದ ಊರಲ್ಲೂ ಅದೇ ನಂಬರ್ ಇರುತ್ತದೆ. ಹಿಸ್ಸಾ ಬಿಟ್ಟರೆ ಚಿಕ್ಕಪ್ಪನ ಪಾಲೂ ಅದರಲ್ಲೇ ಬರುತ್ತದೆ. ಹೆಸರು ಹಿಡಿದು ಹುಡುಕಿದರೆ ನಮ್ಮೂರಲ್ಲಿ ಅಪ್ಪಾಜಿಯ ಹೆಸರಿನವರೇ ನಾಲ್ಕು ಜನ ಇದ್ದಾರೆ.

ನೆಟ್‌ವರ್ಕಿನ ಬಾಕ್ಸಿನಲ್ಲೂ ಹೀಗೇ. ಕೆಲವು ಪಟ್ಟಿಗಳಿಗೆ ಒಂದೇ ಕೀ ಸಾಕು. ಇಂಟರ್‌ಫೇಸ್ ಎಂದರೆ ಬಾಕ್ಸಿಗೆ ಮಾಹಿತಿ ಬಂದು ಹೋಗುವ ಬಾಗಿಲು. ಮಾದರಿ ಎಂದರೆ ಯಾವ ಪಟ್ಟಿಯಲ್ಲಿ ಏನಿರಬೇಕು ಎಂದು ಹೇಳುವ ನಕ್ಷೆ. ಎಲ್ಲ ಕಂಪನಿಗಳಿಗೂ ಹೊಂದುವಂತೆ ಮಾಡಿದ ಇಂಟರ್‌ಫೇಸ್‌ಗಳ ಮಾದರಿ 2014ರಲ್ಲಿ ಬಂತು, 2018ರಲ್ಲಿ ಅದನ್ನು ತಿದ್ದಿದರು. ಅದರಲ್ಲಿ ಪ್ರತಿ ಇಂಟರ್‌ಫೇಸಿಗೂ 'ನೇಮ್' ಒಂದೇ ಕೀ. ಆದರೆ ರೌಟಿಂಗ್ ಮಾದರಿಯಲ್ಲಿ ಮಾಹಿತಿಗೆ ದಾರಿ ಹುಡುಕುವ ಪ್ರೋಟೊಕಾಲ್‌ಗಳ, ಅಂದರೆ ನಿಯಮಗಳ, ಪಟ್ಟಿಗೆ ಎರಡು ಕೀ, 'ಟೈಪ್' ಮತ್ತು 'ನೇಮ್'. ಯಾವ ಬಗೆ, ಯಾವ ಹೆಸರು, ಎರಡೂ ಹೇಳಬೇಕು. ಒಂದೇ ಬಗೆಯದ್ದು ಎರಡು ಇರಬಹುದು ಅಲ್ವಾ, ಅದಕ್ಕೆ. ಸರ್ವೆ ನಂಬರೂ ಹಿಸ್ಸಾವೂ ಸೇರಿದರೇ ಒಂದು ಹೊಲ ಆಗುವ ಹಾಗೆ.

ಪಹಣಿಯ 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರಿರುತ್ತದೆ. ಯಾರಾದರೂ ಪಹಣಿ ತರುತ್ತೇನೆ ಎಂದು ಹೋಗಿ 9ನೇ ಕಾಲಂ ಮಾತ್ರ ಬರೆದುಕೊಂಡು ಬಂದರೆ? ನಮ್ಮ ಬ್ಯಾಕಪ್ ಆಗಿದ್ದು ಅದೇ. ಫಿಲ್ಟರಿನಲ್ಲಿ ನಂಬರಿನ ಜಾಗದಲ್ಲಿ 1217 ಎಂದು ತುಂಬಿ ಸುಮ್ಮನಾದರೆ, ಅದಕ್ಕೆ ಹೊಂದುವ ದಾಖಲೆ ಪೂರ್ತಿ ಬರುತ್ತದೆ. ಅದರ ಪಕ್ಕದಲ್ಲಿ 'ವಿವರ' ಎಂಬ ಖಾಲಿ ಟ್ಯಾಗ್ ಒಂದು ಸೇರಿಸಿದಿರೋ, ಆಗ ನಂಬರ್ ಮತ್ತು ವಿವರ ಮಾತ್ರ ಬರುತ್ತವೆ, ಉಳಿದದ್ದು ಬರುವುದಿಲ್ಲ. ಖಾಲಿ ಟ್ಯಾಗ್ ಎಂದರೆ 'ಇದು ಬೇಕು' ಎಂದು ಅರ್ಥ. ಒಳಗೆ ಏನಾದರೂ ತುಂಬಿರುವ ಟ್ಯಾಗ್ ಎಂದರೆ 'ಇದು ಹೀಗೆ ಇರುವುದು ಬೇಕು' ಎಂದು ಅರ್ಥ. ಒಂದು ಖಾಲಿ ಟ್ಯಾಗಿನಿಂದ ಬ್ಯಾಕಪ್ ಅರ್ಧ ಆಯಿತು, ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಓದುವಾಗ ಯಾವ ವಿವರದಿಂದ ಬೇಕಾದರೂ ಹುಡುಕಬಹುದು. ವಿವರದಲ್ಲಿ 'ಮಂಡಿಪೇಟೆ' ಎಂದು ಮಾತ್ರ ಬರೆದಿರುವ ದಾಖಲೆಗಳು ಯಾವುವು ಎಂದು ಕೇಳಿದರೆ ಅವೇ ಬರುತ್ತವೆ. ಬದಲಾಯಿಸುವಾಗ ಹಾಗಲ್ಲ. ಅಲ್ಲಿ ದಾಖಲೆಯ ಗುರುತು ಕೀ ಒಂದೇ. ಕೀ ಜೊತೆಗೆ 'ಮಂಡಿಪೇಟೆ' ಎಂದು ವಿವರ ಬರೆದು ಕಳಿಸಿದರೆ ಬಾಕ್ಸ್ ಅದನ್ನು ಹುಡುಕುವುದಿಲ್ಲ, ಅಲ್ಲಿದ್ದ ವಿವರವನ್ನು ಒರೆಸಿ 'ಮಂಡಿಪೇಟೆ' ಎಂದು ಬರೆಯುತ್ತದೆ. ಅದೇ ಟ್ಯಾಗ್, ಅದೇ ಅಕ್ಷರ, ಎರಡು ಕಡೆ ಎರಡು ಅರ್ಥ. ಇದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಸಾಲಿನ ನಂಬರ್ ಕೊಟ್ಟರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಎಸ್‌ಎನ್‌ಎಂಪಿ ಎಂಬ ಹಳೇ ಪದ್ಧತಿಯಿಂದ ಪ್ರತಿ ಗಿರಾಕಿಯ ಬಳಕೆಯ ಗ್ರಾಫ್ ತೆಗೆಯುತ್ತಿದ್ದೆವು. 1988ರಿಂದ ನಡೆದುಬಂದದ್ದು ಅದು. ಅದರಲ್ಲಿ ಪ್ರತಿ ಇಂಟರ್‌ಫೇಸಿಗೆ ಬಾಕ್ಸೇ ಒಂದು ನಂಬರ್ ಕೊಡುತ್ತದೆ. ಬಾಕ್ಸ್ ಆಫ್ ಆಗಿ ಮತ್ತೆ ಆನ್ ಆಗುವವರೆಗೆ ಆ ನಂಬರ್ ಬದಲಾಗಬಾರದು ಎಂದಷ್ಟೇ ನಿಯಮ. ಆಮೇಲೂ ಅದೇ ಇರಬೇಕು ಎಂದೇನಿಲ್ಲ. ಒಂದು ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಬಾಕ್ಸ್ ಮತ್ತೆ ಎದ್ದಾಗ ನಂಬರ್‌ಗಳು ಅದಲುಬದಲಾಗಿದ್ದವು. ಅಶೋಕ ರಸ್ತೆಯ ಒಂದು ಅಂಗಡಿಯ ಬಳಕೆ ವಿದ್ಯಾನಗರದ ಒಂದು ಮನೆಯ ಲೆಕ್ಕಕ್ಕೆ ಬೀಳುತ್ತಿತ್ತು. ನಾವು ಕಂಡುಹಿಡಿಯುವಷ್ಟರಲ್ಲಿ ಆ ಮನೆಯ ಹಿರಿಯರು ಆಫೀಸಿಗೇ ಬಂದಿದ್ದರು. 'ಏನಮ್ಮಾ, ನಮ್ಮ ಮನೇಲಿ ಇರೋದು ನಾವಿಬ್ರೇ, ಇಷ್ಟೊಂದು ಯಾರು ಬಳಸ್ತಾರೆ?' ಎಂದು ಕೇಳಿದರು. ಅವರಿಗೆ ಉತ್ತರ ಹೇಳಲು ನನಗೆ ತುಂಬಾ ಮುಜುಗರವಾಯಿತು.

ಇಂಥ ತೊಂದರೆ ನಮಗೊಬ್ಬರಿಗೇ ಅಲ್ಲ. 2002ರ ಜೂನ್‌ನಲ್ಲಿ ನೆಟ್‌ವರ್ಕ್ ನಡೆಸುವವರನ್ನೂ ಪ್ರೋಟೊಕಾಲ್ ಬರೆಯುವವರನ್ನೂ ಒಟ್ಟಿಗೆ ಕೂರಿಸಿ ಒಂದು ಸಭೆ ಮಾಡಿದರು. ಏನು ಬೇಕು, ಏನು ಸಾಲದು ಎಂದು ನಡೆಸುವವರು ಬಾಯಿಬಿಟ್ಟು ಹೇಳಿದರು. ಇಂಟರ್ನೆಟ್ಟಿನ ನಿಯಮ, ವರದಿಗಳು ಆರ್‌ಎಫ್‌ಸಿ ಎಂಬ ನಂಬರ್ ಹಾಕಿದ ದಾಖಲೆಗಳಾಗಿ ಬರುತ್ತವೆ. ಆ ಸಭೆಯ ವರದಿ ಮರುವರ್ಷ ಆರ್‌ಎಫ್‌ಸಿ 3535 ಎಂದು ಹೊರಬಂತು. ನೆಟ್‌ಕಾನ್ಫ್ ಬಂದದ್ದು 2006ರಲ್ಲಿ. ಈಗ ಬಳಕೆಯಲ್ಲಿರುವುದು 2011ರ ಆರ್‌ಎಫ್‌ಸಿ 6241. ದಾಖಲೆಗಳ ಆಕಾರ ಹೇಳುವ ಯಾಂಗ್ ಎಂಬ ಭಾಷೆ 2010ರದ್ದು. ನಾವು ಬದಲಾಯಿಸಬಹುದಾದ ಯಾವ ಪಟ್ಟಿಗೇ ಆಗಲಿ ಕೀ ಇರಲೇಬೇಕು ಎಂದು ಯಾಂಗ್ ಕಟ್ಟುನಿಟ್ಟಾಗಿ ಹೇಳುತ್ತದೆ. ಬಾಕ್ಸ್ ತಾನೇ ಲೆಕ್ಕ ಇಟ್ಟು ತೋರಿಸುವ, ನಾವು ನೋಡಲು ಮಾತ್ರ ಬರುವ ಪಟ್ಟಿಗಳಿಗೆ ಕೀ ಇಲ್ಲದಿದ್ದರೂ ನಡೆಯುತ್ತದೆ. ಕೀ ಒಮ್ಮೆ ಇಟ್ಟರೆ ಬದಲಾಯಿಸುವಂತಿಲ್ಲ. ಬೇರೆ ನಂಬರ್ ಬೇಕಾದರೆ ಹಳೇ ದಾಖಲೆ ಅಳಿಸಿ ಹೊಸದು ಮಾಡಬೇಕು. ಇದನ್ನೆಲ್ಲ ಬರೆದವರು ನಮ್ಮಂಥವರು ಪಟ್ಟ ಕಷ್ಟ ಕೇಳಿಸಿಕೊಂಡೇ ಬರೆದಿದ್ದಾರೆ. ಆ ಬಗ್ಗೆ ನನಗೆ ನಿಜವಾಗಿ ಗೌರವ ಇದೆ.

ಈಗ ಕಾಲೇಜುಗಳ ಮಾತಿಗೆ ಬರುತ್ತೇನೆ. ಪ್ರತಿ ವರ್ಷ ನಮ್ಮಲ್ಲಿಗೆ ಇಬ್ಬರು ಮೂವರು ಹುಡುಗರು ಇಂಟರ್ನ್‌ಶಿಪ್ಪಿಗೆ ಬರುತ್ತಾರೆ. ಬುದ್ಧಿವಂತರು. ಹೇಳಿದ ಕಮಾಂಡ್ ತಪ್ಪದೆ ಟೈಪ್ ಮಾಡುತ್ತಾರೆ. ಹೋದ ವರ್ಷ ಬಂದ ಒಬ್ಬ ಹುಡುಗ ಮೂರನೇ ದಿನ ಗಾಬರಿಯಾಗಿ ಕೂಗಿದ. 'ಅಕ್ಕಾ, ಬಾಕ್ಸ್ ಪೂರಾ ಖಾಲಿ ಐತೆ! ಏನೂ ಇಲ್ಲ!' ಎಂದ. ಮುಖ ಬಿಳಿಚಿಕೊಂಡಿತ್ತು. ನೋಡಿದರೆ ಫಿಲ್ಟರ್ ಟ್ಯಾಗ್ ಬರೆದು ಒಳಗೆ ಏನೂ ಬರೆಯದೆ ಕಳಿಸಿದ್ದ. ಫಿಲ್ಟರೇ ಇಲ್ಲದೆ ಕೇಳಿದರೆ ಬಾಕ್ಸ್ ಎಲ್ಲವನ್ನೂ ಕೊಡುತ್ತದೆ. ಖಾಲಿ ಫಿಲ್ಟರ್ ಕಳಿಸಿದರೆ ಏನನ್ನೂ ಕೊಡುವುದಿಲ್ಲ. ಅವನ ಲೆಕ್ಕದಲ್ಲಿ ಎರಡೂ ಒಂದೇ ಆಗಿತ್ತು. ತಪ್ಪು ಅವನದ್ದಲ್ಲ. ಅಂಗಡಿಗೆ ಹೋಗಿ ಚೀಟಿ ಕೊಡದಿರುವುದಕ್ಕೂ ಖಾಲಿ ಚೀಟಿ ಕೊಡುವುದಕ್ಕೂ ವ್ಯತ್ಯಾಸ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಯುಬಿಡಿಟಿ ಕಾಲೇಜು 1951ರಿಂದ ಇದೆ. ಪಾಲಿಟೆಕ್ನಿಕ್‌ಗಳೂ ಇವೆ. ಇಲ್ಲಿನ ಮೇಷ್ಟ್ರುಗಳಿಗೆ ನನ್ನದು ಒಂದು ಬೇಡಿಕೆ. ಲ್ಯಾಬಿನಲ್ಲಿ ಮೊದಲ ದಿನ ಕಮಾಂಡ್ ಕೊಡಬೇಡಿ. ಒಂದು ಯಾಂಗ್ ಮಾದರಿಯಲ್ಲಿ ಯಾವುದರೊಳಗೆ ಯಾವುದು ಇದೆ ಎಂದು ಕೊಂಬೆಗಳ ಹಾಗೆ ತೋರಿಸುವ ಮರದ ಚಿತ್ರ ಕೊಡಿ. 'ಪಯಾಂಗ್' ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಒಂದೇ ಸಾಲಿನ ಆಜ್ಞೆಯಲ್ಲಿ ಬರೆದುಕೊಡುತ್ತದೆ. ಹೆಸರಿನ ಪಕ್ಕ ನಕ್ಷತ್ರ ಇದ್ದು, ಮುಂದೆ ಚೌಕ ಕಂಸದೊಳಗೆ ಒಂದು ಹೆಸರಿದ್ದರೆ ಅದು ಪಟ್ಟಿ, ಕಂಸದೊಳಗಿರುವುದು ಅದರ ಕೀ. ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಕೀಗಳಿಗೆ ಗೆರೆ ಹಾಕಿಸಿ. 'ಈ ದಾಖಲೆ ಅಳಿಸಬೇಕು, ಡಿಲೀಟ್ ಗುರುತು ಯಾವ ಸಾಲಿಗೆ?' ಎಂದು ಕೇಳಿ. ಕಂಪ್ಯೂಟರ್ ಮುಟ್ಟುವುದು ಆಮೇಲೆ. ಅಭ್ಯಾಸಕ್ಕೆ ದುಬಾರಿ ಬಾಕ್ಸೂ ಬೇಡ. 'ನೆಟೋಪೀರ್' ಎಂಬ ಉಚಿತ ಸರ್ವರ್ ಒಂದು ಮಾಮೂಲಿ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತದೆ. ಅದರಲ್ಲಿ ನೂರು ಸಲ ತಪ್ಪಾಗಿ ಅಳಿಸಲಿ, ಯಾರ ಮನೆಯ ಇಂಟರ್ನೆಟ್ಟೂ ಹೋಗುವುದಿಲ್ಲ.

ಇದನ್ನು ಕನ್ನಡದಲ್ಲೇ ವಿವರಿಸಿ ಎಂದೂ ಕೇಳಿಕೊಳ್ಳುತ್ತೇನೆ. ಟ್ಯಾಗಿನ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅದನ್ನು ಬದಲಾಯಿಸಲು ಆಗುವುದಿಲ್ಲ. ಆದರೆ ಯಾವುದು ಗುರುತು, ಯಾವುದು ಆಯ್ಕೆ ಎಂಬುದು ತಲೆಗೆ ಹೋಗಬೇಕಾದರೆ ಮನೆಯ ಮಾತೇ ಬೇಕು. ನನ್ನ ತಲೆಗೆ ಅದು ಸರಿಯಾಗಿ ಹೋಗಿದ್ದು ಅವತ್ತು ರಾತ್ರಿ, ಅಪ್ಪಾಜಿಗೆ ಫೋನಿನಲ್ಲಿ ನಡೆದದ್ದನ್ನು ಹೇಳುವಾಗ. ಅವರು ಎಲ್ಲ ಕೇಳಿ, 'ಅಂದ್ರೆ ಹಿಸ್ಸಾ ನಂಬರಿಗೆ ಹೊಡಿಬೇಕಾದ ಕಾಟು ಊರಿಗೇ ಹೊಡ್ದಿ ಅನ್ನು' ಎಂದರು. 9 ವರ್ಷದಲ್ಲಿ ಇಷ್ಟು ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ.

ನಮ್ಮಂಥ ಸಣ್ಣ ಕಂಪನಿ ನಡೆಸುವವರಿಗೂ ಒಂದು ಮಾತು. ಬಾಕ್ಸ್ ಕೊಳ್ಳುವಾಗ ವೇಗ, ಬೆಲೆ ಎರಡೇ ಕೇಳಬೇಡಿ. ಕ್ಯಾಂಡಿಡೇಟ್ ಎಂಬ ಕರಡು ಪ್ರತಿ ಇಟ್ಟುಕೊಳ್ಳುತ್ತದಾ ಎಂದು ಕೇಳಿ. ಅದಿದ್ದರೆ ಬದಲಾವಣೆ ಮೊದಲು ಕರಡಿಗೆ ಹೋಗುತ್ತದೆ, ನೋಡಿ ಒಪ್ಪಿದ ಮೇಲೆ ಜಾರಿಯಾಗುತ್ತದೆ. ಒಪ್ಪಿದ ಮೇಲೂ ಇಷ್ಟು ಹೊತ್ತಿನೊಳಗೆ ಮತ್ತೆ ಖಚಿತಪಡಿಸದಿದ್ದರೆ ತಾನೇ ಹಳೆಯದಕ್ಕೆ ಮರಳುವ ಸೌಲಭ್ಯವನ್ನೂ ಕೇಳಿ. ಬೇರೆ ಹೊತ್ತು ಹೇಳದಿದ್ದರೆ ಅದು 600 ಸೆಕೆಂಡ್, ಅಂದರೆ 10 ನಿಮಿಷ ಕಾಯುತ್ತದೆ. ನಮ್ಮ ಹಳೇ ಬಾಕ್ಸಿನಲ್ಲಿ ಇವೆರಡೂ ಇರಲಿಲ್ಲ. ಕಳಿಸಿದ್ದು ನೇರ ಜಾರಿ. ಇದ್ದಿದ್ದರೆ ಅವತ್ತು ಎರಡು ಗಂಟೆ ಹಿಡಿದದ್ದು ಬರೀ 10 ನಿಮಿಷದಲ್ಲಿ ಮುಗಿಯುತ್ತಿತ್ತು.

ಆ ಎರಡು ಗಂಟೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಗಿರಾಕಿಗಳಲ್ಲಿ ಕೆಟಿಜೆ ನಗರದ ಒಂದು ಸೈಬರ್ ಸೆಂಟರ್ ಇದೆ. ಮರುದಿನ ಕ್ಷಮೆ ಕೇಳಲು ಅಲ್ಲಿಗೆ ಹೋಗಿದ್ದೆ. ಒಬ್ಬಳು ಹುಡುಗಿ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಯಾವುದೋ ಕೆಲಸದ ಅರ್ಜಿ ತುಂಬುತ್ತಿದ್ದಳಂತೆ. ಅವತ್ತೇ ಕೊನೇ ದಿನ. ಅರ್ಧ ತುಂಬಿದಾಗ ನೆಟ್ ಹೋಯಿತು. ಒಂದು ಗಂಟೆ ಕಾದು, ಬೇರೆ ಕಡೆ ನೋಡ್ತೀನಿ ಎಂದು ಹೋದಳಂತೆ. ಬೇರೆ ಕಡೆ ಆಯಿತೋ ಇಲ್ಲವೋ ಸೈಬರ್‌ನವರಿಗೂ ತಿಳಿಯದು. ಅವಳ ನಂಬರ್ ಯಾರ ಹತ್ತಿರವೂ ಇಲ್ಲ. ಆಕೆ ಈ ಪತ್ರಿಕೆ ಓದುತ್ತಾಳೋ ಏನೋ. ತಂಗಿ, ಅವತ್ತು ನೆಟ್ ಹೋಗಿದ್ದು ನನ್ನ ಕೈಯಿಂದ. ನನ್ನನ್ನು ಕ್ಷಮಿಸು.

ಈಗ ಆಫೀಸಿನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅಳಿಸುವ ಮಾತು ಯಾವುದೇ ಇರಲಿ, ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಅದನ್ನು ಜೋರಾಗಿ ಕನ್ನಡದಲ್ಲಿ ಓದುತ್ತಾರೆ. ಯಾವ ಪಟ್ಟಿ, ಯಾವ ಕೀ, ಗುರುತು ಯಾವ ಸಾಲಿನ ಮೇಲೆ. ಬ್ಯಾಕಪ್ ಈಗ ಫಿಲ್ಟರ್ ಇಲ್ಲದೆ ಪೂರ್ತಿ ತೆಗೆಯುತ್ತೇವೆ. ವಾರಕ್ಕೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ವೇಗ, ಪೋರ್ಟ್ ಎಲ್ಲ ಇದೆಯಾ ಎಂದು ನೋಡುತ್ತೇವೆ. ಬಟ್ಟೆ ಅಂಗಡಿಯ ದಾಖಲೆ ಬ್ಯಾಕಪ್ಪಿನಿಂದ ಮತ್ತೆ ವಾಪಸ್ ಬಂದಿತ್ತು. ಒಂದು ವಾರದ ನಂತರ ಅದನ್ನು ಅಳಿಸಿದೆವು. ನಾನು ಬರೆದೆ, ಜೊತೆಯವರು ಓದಿದರು. 'ವಿಲ್ಯಾನ್‌ಗಳ ಪಟ್ಟಿಯಲ್ಲಿ, ನಂಬರ್ 1217 ಇರುವ ವಿಲ್ಯಾನ್, ಅದರ ಮೇಲೆ ಡಿಲೀಟ್.' ಆಮೇಲೆ ಎಣಿಸಿದೆವು. 311 ಇದ್ದವು.

ಪತ್ರ ಉದ್ದವಾಯಿತು. ಜಾಗಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಿ, ಆದರೆ ಕಾಲೇಜಿನ ಮಾತನ್ನೂ ಆ ಹುಡುಗಿಯ ಮಾತನ್ನೂ ಬಿಡಬೇಡಿ. ಸಾಧ್ಯವಾದರೆ ಆ ಮೂರು ಸಾಲು ಬಂದ ಪುಟದಲ್ಲೇ ಹಾಕಿ. ಕಂಪನಿಯವರಿಗೆ ತಿಳಿಸಿಯೇ ಬರೆದಿದ್ದೇನೆ. ನನ್ನ ಹೆಸರು ಮಾತ್ರ ಪ್ರಕಟಿಸುವುದು ಬೇಡ ಎಂದು ವಿನಂತಿ.

ಇಂತಿ,
ಒಬ್ಬ ನೆಟ್‌ವರ್ಕ್ ಕೆಲಸಗಾರ್ತಿ
ನಿಟ್ಟುವಳ್ಳಿ, ದಾವಣಗೆರೆ